ಫ್ರೆಂಚ್ ಭಾಷೆಯಲ್ಲಿ ಮನುಷ್ಯರ ವರ್ಣನೆ: ಕನ್ನಡಿಗರಿಗೆ ಒಂದು ಪ್ರವೇಶ ಪಾಠ

ಸುಲಿದ ತೆಂಗಿನಕಾಯಿಯೊಂದನ್ನು ಕೈಯಲ್ಲಿ ಹಿಡಿದು ನೋಡಿದರೆ ಕರಟದ ಒಂದು ತುದಿಯಲ್ಲಿ ಮೂರು ಗುಳಿಗಳು ಕಾಣುತ್ತವೆ. ಅವನ್ನು ನಾವು ಕಣ್ಣುಗಳೆಂದು ಕರೆಯುತ್ತೇವೆ. ಸುಲಿಯುವಾಗ ಉಳಿಸಿದ ನಾರಿನ ಕುಚ್ಚಿಗೆ ಜುಟ್ಟು ಎನ್ನುತ್ತೇವೆ. ಅಂದರೆ ಕಾಯಿಯಲ್ಲಿ ಒಂದು ತಲೆಯನ್ನು ಕಾಣುವುದು ಕನ್ನಡಿಗರಿಗೆ ಸಹಜವಾದ ಕಲ್ಪನೆ. 15ನೆಯ ಶತಮಾನದ ಕೊನೆಯಲ್ಲಿ ಸಮುದ್ರಮಾರ್ಗವಾಗಿ ಭಾರತಕ್ಕೆ ಬಂದ ಪೋರ್ಚುಗೀಸರಿಗೂ ಇದೇ ಕಲ್ಪನೆ ಬಂದಿತು. ತಮ್ಮ ನಾಡಿನಲ್ಲಿ ಮಕ್ಕಳನ್ನು ಹೆದರಿಸಲು ಹೇಳುತ್ತಿದ್ದ ಗುಮ್ಮನ ವಿಕಾರ ಮುಖಕ್ಕೆ ಅವರು 'ಕೋಕೊ' ಎನ್ನುತ್ತಿದ್ದರು. ಆ ಹೆಸರನ್ನೇ ಈ ಕಾಯಿಗೆ ಇಟ್ಟರು. ಅದು ಫ್ರೆಂಚ್ ಭಾಷೆಗೂ ಸೇರಿ ತೆಂಗಿನಕಾಯಿ 'ನ್ವಾ ದೆ ಕೋಕೋ' ಎಂದೂ ತೆಂಗಿನ ಮರ 'ಕೊಕೋತಿಯೇ' ಎಂದೂ ಹೆಸರಾಯಿತು. ನಮ್ಮ ಕೊಬ್ಬರಿಯ ಬಳಗಕ್ಕೇ ಸೇರಿದ ಮಲಯಾಳದ 'ಕೊಪ್ಪರ' ಎಂಬ ಮಾತು ಪೋರ್ಚುಗೀಸರ ಮೂಲಕ ಯೂರೋಪಿಗೆ ಹೋಗಿ ಫ್ರೆಂಚಿನಲ್ಲಿ 'ಕೊಪ್ರಾ' ಎಂದು ನಿಂತಿದೆ.

ಹೀಗೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ವಿದ್ಯಾರ್ಥಿಗೆ ಫ್ರೆಂಚ್ ಭಾಷೆಯ ಎರಡು ಮೂರು ಮಾತುಗಳು ತನ್ನ ತೋಟದಲ್ಲೇ ದೊರೆಯುತ್ತವೆ. ಆದರೆ ಮಾತುಗಳು ದೊರೆತ ಮಾತ್ರಕ್ಕೆ ಭಾಷೆ ದೊರೆಯುವುದಿಲ್ಲ. ಅವುಗಳನ್ನು ಜೋಡಿಸುವ ಕ್ರಮ ತಿಳಿಯಬೇಕು. ಆ ಕ್ರಮದ ಮೊದಲ ಮೆಟ್ಟಿಲು ಮನುಷ್ಯರನ್ನು ಬಣ್ಣಿಸುವುದು. 'ಅವನು ದೊಡ್ಡವನು', 'ಅವಳು ಬುದ್ಧಿವಂತೆ', 'ಅವನಿಗೆ ಇಪ್ಪತ್ತು ವರ್ಷ' ಎಂಬಂಥ ಸಣ್ಣ ವಾಕ್ಯಗಳೇ ಫ್ರೆಂಚ್ ಪಾಠಪುಸ್ತಕಗಳ ಮೊದಲ ಪುಟಗಳಲ್ಲಿ ಬರುತ್ತವೆ. ನಮ್ಮ ರಾಜ್ಯದ ಪದವಿಪೂರ್ವ ತರಗತಿಗಳಲ್ಲಿ ಫ್ರೆಂಚ್ ಒಂದು ಐಚ್ಛಿಕ ಭಾಷೆಯಾಗಿರುವುದರಿಂದ, ಊರಿನಿಂದ ಪಟ್ಟಣದ ಕಾಲೇಜಿಗೆ ಹೋದ ವಿದ್ಯಾರ್ಥಿಗೆ ಈ ಪುಟಗಳು ಎದುರಾಗುವ ಸಂಭವವುಂಟು.

ಅಲ್ಲಿ ಒಂದು ತೊಡಕಿದೆ. ಫ್ರೆಂಚನ್ನು ನಮ್ಮಲ್ಲಿ ಸಾಮಾನ್ಯವಾಗಿ ಇಂಗ್ಲಿಷಿನ ಮೂಲಕ ಕಲಿಸುತ್ತಾರೆ. ಇಂಗ್ಲಿಷಿನ ವಿಶೇಷಣವು ಎಂದೂ ರೂಪ ಬದಲಿಸದು. ಹುಡುಗನಿಗೂ ಹುಡುಗಿಗೂ, ಒಬ್ಬನಿಗೂ ನೂರು ಮಂದಿಗೂ 'ಟಾಲ್' ಎಂಬ ಒಂದೇ ಮಾತು ಸಾಕು. ಆ ದಾರಿಯಿಂದ ಬಂದವನಿಗೆ ಫ್ರೆಂಚ್ ವಿಶೇಷಣವು ಲಿಂಗಕ್ಕೂ ವಚನಕ್ಕೂ ತಕ್ಕಂತೆ ಬದಲಾಗುವುದು ವಿಚಿತ್ರವಾಗಿ, ಹೊರೆಯಾಗಿ ತೋರುತ್ತದೆ. ತನ್ನ ಇಂಗ್ಲಿಷ್ ಸಾಲದೆಂದು ಅಂಜುವ ಹಳ್ಳಿಯ ವಿದ್ಯಾರ್ಥಿಯಂತೂ, ಇನ್ನೊಂದು ಯೂರೋಪಿನ ಭಾಷೆ ತನಗೆ ದಕ್ಕದೆಂದು ಮೊದಲೇ ಕೈಬಿಡುವುದುಂಟು. ಕನ್ನಡದ ಕಡೆಯಿಂದ ಹೊರಟರೆ ಈ ಕಷ್ಟದ ಬಹುಭಾಗ ಕರಗುತ್ತದೆ. ಅದು ಹೇಗೆಂಬುದನ್ನು ವಾಚಕರಿಗೆ ತೋರಿಸುವುದೇ ಈ ಲೇಖನದ ಉದ್ದೇಶ.

ಉಚ್ಚಾರಣೆಯ ಸೂಚನೆ

ಇಲ್ಲಿ ಫ್ರೆಂಚ್ ಮಾತುಗಳನ್ನು ಕಿವಿಗೆ ಕೇಳುವಂತೆ ಕನ್ನಡ ಲಿಪಿಯಲ್ಲಿ ಬರೆದಿದ್ದೇವೆ. ಫ್ರೆಂಚಿನ ತಕಾರ ದಕಾರಗಳು ಹಲ್ಲಿಗೆ ನಾಲಗೆ ತಗಲಿಸಿ ಹುಟ್ಟುವ ದಂತ್ಯಗಳು. ನಮ್ಮ ತ, ದ ಇದ್ದಂತೆಯೇ. ಪ, ತ, ಕಗಳು ಅಲ್ಪಪ್ರಾಣಗಳಾಗಿಯೇ ಉಳಿಯುತ್ತವೆ. ಈ ಎರಡು ವಿಷಯಗಳಲ್ಲಿ ಕನ್ನಡದ ನಾಲಗೆಗೆ ಇಂಗ್ಲಿಷಿನ ನಾಲಗೆಗಿಂತ ಹೆಚ್ಚಿನ ಅನುಕೂಲವಿದೆ. 'ಆಂ', 'ಓಂ', 'ಆ್ಯಂ' ಎಂದು ಬರೆದ ಕಡೆ ತುಟಿಗಳನ್ನು ಮುಚ್ಚದೆ ಸ್ವರವನ್ನೇ ಮೂಗಿನಿಂದ ನುಡಿಯಬೇಕು. ಅಲ್ಲಿ ಮಕಾರ ಬರಬಾರದು. 'ಝ' ಎಂಬುದು ಇಲ್ಲಿ ಮಹಾಪ್ರಾಣವಲ್ಲ. ಶಕಾರವನ್ನು ಉಚ್ಚರಿಸುತ್ತಲೇ ಕಂಠದಲ್ಲಿ ನಾದವೆಬ್ಬಿಸಿದರೆ ಆ ಧ್ವನಿ ಬರುತ್ತದೆ. ಅದೇ ರೀತಿ ಸಕಾರಕ್ಕೆ ನಾದ ಕೂಡಿಸಿದರೆ 'ಜ಼' ಆಗುತ್ತದೆ. 'ತ್ಯು' ಎಂಬಲ್ಲಿ ತುಟಿಗಳನ್ನು ಉಕಾರಕ್ಕೆಂಬಂತೆ ದುಂಡಗೆ ಮಾಡಿ ಇಕಾರವನ್ನು ನುಡಿಯಬೇಕು. ಪದದ ಕೊನೆಯ ಅರ್ಧಾಕ್ಷರವನ್ನು ಸ್ಪಷ್ಟವಾಗಿ ಉಚ್ಚರಿಸುವುದು ಅಗತ್ಯ. ಈ ಪಾಠದ ತಿರುಳೆಲ್ಲ ಆ ಅರ್ಧಾಕ್ಷರದಲ್ಲೇ ಇದೆ.

ವಿಶೇಷ್ಯಾಧೀನವೆಂಬ ತತ್ತ್ವ

ಪ್ರೌಢಶಾಲೆಯ ಕನ್ನಡ ವ್ಯಾಕರಣದಲ್ಲಿ 'ವಿಶೇಷ್ಯಾಧೀನ ಲಿಂಗ' ಎಂಬ ಪಾಠವನ್ನು ವಿದ್ಯಾರ್ಥಿಗಳು ಓದಿರುತ್ತಾರೆ. ವಿಶೇಷಣಕ್ಕೆ ತನ್ನದೇ ಆದ ಲಿಂಗವಿಲ್ಲ. ಅದು ಯಾವ ವಿಶೇಷ್ಯವನ್ನು ಬಣ್ಣಿಸುತ್ತದೆಯೋ ಅದರ ಲಿಂಗವನ್ನೇ ತಾಳುತ್ತದೆ. ಅವನು ಒಳ್ಳೆಯವನು, ಅವಳು ಒಳ್ಳೆಯವಳು, ಅವರು ಒಳ್ಳೆಯವರು, ಅದು ಒಳ್ಳೆಯದು. ಇಲ್ಲಿ 'ಒಳ್ಳೆಯ' ಎಂಬ ಭಾಗ ಸ್ಥಿರವಾಗಿದ್ದು ಕೊನೆಯ ಭಾಗ ಬದಲಾಗುತ್ತದೆ. ಸಂಸ್ಕೃತದಿಂದ ಬಂದ ಮಾತುಗಳಲ್ಲಿಯೂ ಬುದ್ಧಿವಂತ-ಬುದ್ಧಿವಂತೆ, ಗುಣವಂತ-ಗುಣವಂತೆ ಎಂಬ ಭೇದವನ್ನು ದಿನನಿತ್ಯ ಬಳಸುತ್ತೇವೆ. ಯಾವ ಹಳ್ಳಿಗನೂ ಯೋಚಿಸದೆಯೇ ಈ ನಿಯಮವನ್ನು ಪಾಲಿಸುತ್ತಾನೆ.

ಫ್ರೆಂಚ್ ವಿಶೇಷಣವೂ ವಿಶೇಷ್ಯಾಧೀನವೇ. 'ಇಲ್' ಎಂದರೆ ಅವನು, 'ಎಲ್' ಎಂದರೆ ಅವಳು, ನಡುವಿನ 'ಎ' ಎಂಬುದು ಇದ್ದಾನೆ ಅಥವಾ ಇದ್ದಾಳೆ ಎಂಬ ಕ್ರಿಯಾಪದ.

ಇಲ್ ಎ ಗ್ರಾಂ: ಅವನು ದೊಡ್ಡವನು (ಎತ್ತರದವನು).
ಎಲ್ ಎ ಗ್ರಾಂದ್: ಅವಳು ದೊಡ್ಡವಳು (ಎತ್ತರದವಳು).

'ದೊಡ್ಡವನು-ದೊಡ್ಡವಳು' ಎಂಬ ಜೋಡಿಗೆ 'ಗ್ರಾಂ-ಗ್ರಾಂದ್' ಎಂಬ ಜೋಡಿ ಸಮನಾಗಿದೆ. ಇಂಗ್ಲಿಷಿನ 'ಟಾಲ್' ಈ ಎರಡನ್ನೂ ಬೇರ್ಪಡಿಸಲಾರದು. ಆದುದರಿಂದ ಫ್ರೆಂಚ್ ವಿಶೇಷಣವನ್ನು ಕಲಿಯುವಾಗ ಅದರ ಪಕ್ಕದಲ್ಲಿ ಇಂಗ್ಲಿಷ್ ಅರ್ಥವನ್ನು ಬರೆದುಕೊಳ್ಳುವುದಕ್ಕಿಂತ 'ದೊಡ್ಡವನು, ದೊಡ್ಡವಳು' ಎಂದು ಎರಡು ಕನ್ನಡ ರೂಪಗಳನ್ನು ಬರೆದುಕೊಳ್ಳುವುದು ಲೇಸು.

ಒಂದು ವ್ಯತ್ಯಾಸವನ್ನು ಮಾತ್ರ ನೆನಪಿಡಬೇಕು. ಕನ್ನಡದಲ್ಲಿ ವಿಶೇಷಣವು ನಾಮಪದದ ಹಿಂದೆ ಬಂದಾಗ ಬದಲಾಗುವುದಿಲ್ಲ: ದೊಡ್ಡ ಹುಡುಗ, ದೊಡ್ಡ ಹುಡುಗಿ, ದೊಡ್ಡ ಮರ. ವಾಕ್ಯದ ಕೊನೆಯಲ್ಲಿ ನಿಂತಾಗಲಷ್ಟೇ ಅದು ಲಿಂಗವನ್ನು ತಾಳುತ್ತದೆ. ಫ್ರೆಂಚಿನಲ್ಲಿ ಎಲ್ಲಿ ನಿಂತರೂ ಬದಲಾಗುತ್ತದೆ: 'ಅಂ ಪೆತಿ ಗಾರ್ಸೋಂ' ಎಂದರೆ ಒಬ್ಬ ಚಿಕ್ಕ ಹುಡುಗ, 'ಯೂನ್ ಪೆತಿತ್ ಫೀಯ್' ಎಂದರೆ ಒಬ್ಬ ಚಿಕ್ಕ ಹುಡುಗಿ. ನಾವು ಅರ್ಧದಷ್ಟು ಸ್ಥಳಗಳಲ್ಲಿ ಪಾಲಿಸುವ ನಿಯಮವನ್ನು ಫ್ರೆಂಚರು ಎಲ್ಲ ಸ್ಥಳಗಳಲ್ಲೂ ಪಾಲಿಸುತ್ತಾರೆ.

ಕಿವಿ ಹೇಳುವ ನಿಯಮ

ಫ್ರೆಂಚ್ ವ್ಯಾಕರಣಗಳು ಸಾಮಾನ್ಯವಾಗಿ ಹೀಗೆ ಹೇಳುತ್ತವೆ: ಪುಲ್ಲಿಂಗ ರೂಪಕ್ಕೆ 'ಇ' ಎಂಬ ರೋಮನ್ ಅಕ್ಷರವನ್ನು ಸೇರಿಸಿದರೆ ಸ್ತ್ರೀಲಿಂಗವಾಗುತ್ತದೆ. ಬರಹಕ್ಕೆ ಇದು ಸರಿಯಾದ ನಿಯಮ. ಆದರೆ ಆ 'ಇ' ಅಕ್ಷರಕ್ಕೆ ಪದದ ಕೊನೆಯಲ್ಲಿ ಉಚ್ಚಾರಣೆಯಿಲ್ಲ. ಹಾಗಾದರೆ ಕಿವಿಗೆ ಕೇಳುವ ಭೇದ ಯಾವುದು? ಈ ಕೆಳಗಿನ ಜೋಡಿಗಳನ್ನು ಗಟ್ಟಿಯಾಗಿ ಓದಿ ನೋಡಬೇಕು. ಉದ್ದೇಶಪೂರ್ವಕವಾಗಿಯೇ ಸ್ತ್ರೀಲಿಂಗವನ್ನು ಮೊದಲು ಕೊಟ್ಟಿದ್ದೇವೆ.

ಗ್ರಾಂದ್, ಗ್ರಾಂ: ಎತ್ತರದವಳು, ಎತ್ತರದವನು
ಪೆತಿತ್, ಪೆತಿ: ಚಿಕ್ಕವಳು, ಚಿಕ್ಕವನು
ಗ್ರೋಸ್, ಗ್ರೋ: ದಪ್ಪನೆಯವಳು, ದಪ್ಪನೆಯವನು
ಫೋರ್ತ್, ಫೋರ್: ಬಲಿಷ್ಠೆ, ಬಲಿಷ್ಠ
ಕೋಂತಾಂತ್, ಕೋಂತಾಂ: ಸಂತುಷ್ಟೆ, ಸಂತುಷ್ಟ
ಆ್ಯಂತೆಲಿಝಾಂತ್, ಆ್ಯಂತೆಲಿಝಾಂ: ಬುದ್ಧಿವಂತೆ, ಬುದ್ಧಿವಂತ
ಫ್ರಾಂಸೇಜ಼್, ಫ್ರಾಂಸೇ: ಫ್ರಾನ್ಸಿನವಳು, ಫ್ರಾನ್ಸಿನವನು

ಪುಲ್ಲಿಂಗವನ್ನು ಮೊದಲು ಕಲಿತವನು ಸ್ತ್ರೀಲಿಂಗಕ್ಕೆ ಒಮ್ಮೆ ದ್, ಒಮ್ಮೆ ತ್, ಒಮ್ಮೆ ಸ್, ಒಮ್ಮೆ ಜ಼್ ಸೇರಿಸಬೇಕಾಗುತ್ತದೆ. ಯಾವುದಕ್ಕೆ ಯಾವುದೆಂದು ಕಿವಿಯಿಂದ ಊಹಿಸಲಾಗದು. ಸ್ತ್ರೀಲಿಂಗವನ್ನು ಮೊದಲು ಕಲಿತವನಿಗೆ ನಿಯಮ ಒಂದೇ: ಕೊನೆಯ ವ್ಯಂಜನವನ್ನು ಬಿಟ್ಟರೆ ಪುಲ್ಲಿಂಗವಾಗುತ್ತದೆ. ಅಮೆರಿಕದ ಭಾಷಾವಿಜ್ಞಾನಿ ಲೆನಾರ್ಡ್ ಬ್ಲೂಮ್‌ಫೀಲ್ಡ್ 1933ರಲ್ಲಿ ಪ್ರಕಟಿಸಿದ 'ಲ್ಯಾಂಗ್ವೇಜ್' ಎಂಬ ಗ್ರಂಥದಲ್ಲಿ ಈ ಅಂಶವನ್ನು ಎತ್ತಿ ತೋರಿಸಿ, ಸ್ತ್ರೀಲಿಂಗವನ್ನೇ ಮೂಲವೆಂದು ಹಿಡಿದರೆ ಫ್ರೆಂಚ್ ವಿಶೇಷಣಗಳ ವಿವರಣೆ ಸರಳವಾಗುತ್ತದೆಂದು ವಿವೇಚಿಸಿದನು. ರೋಮನ್ ಬರಹವನ್ನೇ ನೋಡುತ್ತಿದ್ದವರಿಗೆ ಮರೆಯಾಗಿದ್ದ ಈ ಸಂಗತಿಯು, ನುಡಿದಂತೆ ಬರೆಯುವ ನಮ್ಮ ಲಿಪಿಯಲ್ಲಿ ಒಡನೆಯೇ ಕಣ್ಣಿಗೆ ಬೀಳುತ್ತದೆ.

ಇದಕ್ಕೆ ಕಾರಣವು ಇತಿಹಾಸದಲ್ಲಿದೆ. ಫ್ರೆಂಚ್ ಭಾಷೆಯು ಲ್ಯಾಟಿನ್ನಿನಿಂದ ಬೆಳೆದುದು. ಲ್ಯಾಟಿನ್ನಿನಲ್ಲಿ ಅನೇಕ ವಿಶೇಷಣಗಳ ಸ್ತ್ರೀಲಿಂಗ ರೂಪವು, ಸಂಸ್ಕೃತದ 'ಬಾಲಾ' ಎಂಬಂತೆ, ಅಕಾರ ವರ್ಗದ ಸ್ವರದಲ್ಲಿ ಕೊನೆಗೊಳ್ಳುತ್ತಿತ್ತು. ಕಾಲಕ್ರಮದಲ್ಲಿ ಆ ಸ್ವರವು ಸವೆದು, ಬರಹದಲ್ಲಿ 'ಇ' ಆಗಿ ಉಳಿಯಿತು. ಇತ್ತ ಪದದ ತುದಿಯಲ್ಲಿದ್ದ ವ್ಯಂಜನಗಳು ಒಂದೊಂದಾಗಿ ಉಚ್ಚಾರಣೆಯಿಂದ ಜಾರಿಹೋದವು. ಪುಲ್ಲಿಂಗದ ವ್ಯಂಜನವು ತುದಿಯಲ್ಲಿದ್ದುದರಿಂದ ಮಾಯವಾಯಿತು. ಸ್ತ್ರೀಲಿಂಗದ ವ್ಯಂಜನಕ್ಕೆ ಮುಂದೆ ಸ್ವರದ ಆಸರೆಯಿದ್ದುದರಿಂದ ಅದು ಉಳಿಯಿತು. ಕೊನೆಗೆ ಆ ಸ್ವರವೂ ಮೌನವಾಯಿತು. ಅದು ಕಾಪಾಡಿದ ವ್ಯಂಜನ ಮಾತ್ರ ನಿಂತಿತು. ಕಾಯಿ ಬೆಳೆಯುವವರೆಗೆ ಕಾದು ಬಳಿಕ ಬಿದ್ದುಹೋದ ಬೇಲಿಯಂತೆ ಅದರ ಕಥೆ.

ಮುಂದಿನ ಪದವು ಸ್ವರದಿಂದ ಆರಂಭವಾದಾಗ ಪುಲ್ಲಿಂಗದ ಮೌನ ವ್ಯಂಜನವೂ ಕೆಲವು ವೇಳೆ ಎಚ್ಚರಗೊಳ್ಳುತ್ತದೆ. 'ಪೆತಿ' ಮತ್ತು 'ಓಮ್' (ಮನುಷ್ಯ) ಸೇರಿದರೆ 'ಪೆತಿತೋಮ್' ಆಗುತ್ತದೆ. ಸಂಧಿಯನ್ನು ಬಲ್ಲ ಕನ್ನಡ ವಿದ್ಯಾರ್ಥಿಗೆ ಇದು ಅಪರಿಚಿತವಾದ ವಿಷಯವಲ್ಲ.

ಕೆಲವು ವಿಶೇಷಣಗಳು ಎರಡು ಲಿಂಗಗಳಲ್ಲೂ ಒಂದೇ ರೂಪದಲ್ಲಿರುತ್ತವೆ: ಝೆನ್ (ತರುಣ, ತರುಣಿ), ಮ್ಯಾಂಸ್ (ತೆಳ್ಳಗಿನ), ತಿಮಿದ್ (ಸಂಕೋಚದ). ಇವುಗಳ ಪುಲ್ಲಿಂಗವೇ ಬರಹದಲ್ಲಿ 'ಇ' ಅಕ್ಷರದಿಂದ ಮುಗಿಯುವುದರಿಂದ ಮತ್ತೆ ಸೇರಿಸುವುದಕ್ಕೇನೂ ಇಲ್ಲ. ಇನ್ನು ಕೆಲವನ್ನು ಬಾಯಿಪಾಠ ಮಾಡಬೇಕು: ಬೆಲ್, ಬೋ (ಸುಂದರಿ, ಸುಂದರ), ವಿಯೇಯ್, ವಿಯೆ (ಮುದುಕಿ, ಮುದುಕ), ಬೊನ್, ಬೋಂ (ಒಳ್ಳೆಯವಳು, ಒಳ್ಳೆಯವನು).

ಎರಡು ಕ್ರಿಯಾಪದಗಳು

ಕನ್ನಡದಲ್ಲಿ 'ಅವನು ದೊಡ್ಡವನು' ಎಂಬುದು ಕ್ರಿಯಾಪದವಿಲ್ಲದ ಪೂರ್ಣ ವಾಕ್ಯ. ಫ್ರೆಂಚಿನಲ್ಲಿ ಹಾಗಾಗದು, 'ಇರು' ಎಂಬರ್ಥದ ಕ್ರಿಯಾಪದ ಬೇಕೇ ಬೇಕು. ಅದರ ರೂಪಗಳು ಇವು:

ಝೆ ಸ್ವಿ: ನಾನು ಇದ್ದೇನೆ
ತ್ಯು ಎ: ನೀನು ಇದ್ದೀಯೆ
ಇಲ್ ಎ, ಎಲ್ ಎ: ಅವನು ಇದ್ದಾನೆ, ಅವಳು ಇದ್ದಾಳೆ
ನೂ ಸೊಮ್: ನಾವು ಇದ್ದೇವೆ
ವೂ ಜ಼ೆತ್: ನೀವು ಇದ್ದೀರಿ
ಇಲ್ ಸೋಂ, ಎಲ್ ಸೋಂ: ಅವರು ಇದ್ದಾರೆ

ಎರಡನೆಯದು 'ಹೊಂದಿರು' ಎಂಬರ್ಥದ ಕ್ರಿಯಾಪದ:

ಝೇ, ತ್ಯು ಆ, ಇಲ್ ಆ, ಎಲ್ ಆ, ನೂ ಜ಼ಾವೋಂ, ವೂ ಜ಼ಾವೇ, ಇಲ್ ಜ಼ೋಂ, ಎಲ್ ಜ಼ೋಂ.

ಕನ್ನಡದಲ್ಲಿ ಈ ಎರಡನೆಯ ಕ್ರಿಯಾಪದದ ಕೆಲಸವನ್ನು ಚತುರ್ಥೀ ವಿಭಕ್ತಿ ಮಾಡುತ್ತದೆ. 'ಅವನಿಗೆ ಇಪ್ಪತ್ತು ವರ್ಷ' ಎನ್ನುತ್ತೇವೆ. ಫ್ರೆಂಚರು 'ಇಲ್ ಆ ವ್ಯಾಂತಾಂ', ಅಂದರೆ 'ಅವನು ಇಪ್ಪತ್ತು ವರ್ಷಗಳನ್ನು ಹೊಂದಿದ್ದಾನೆ' ಎನ್ನುತ್ತಾರೆ. ಇಂಗ್ಲಿಷಿನವರಾದರೋ 'ಅವನು ಇಪ್ಪತ್ತು ವರ್ಷ ಇದ್ದಾನೆ' ಎಂಬಂತೆ ಹೇಳುತ್ತಾರೆ. ಅದನ್ನು ಅನುಸರಿಸಿದ ವಿದ್ಯಾರ್ಥಿ 'ಇಲ್ ಎ' ಎಂದು ಬರೆದು ತಪ್ಪುತ್ತಾನೆ. ಇಲ್ಲಿಯೂ ಕನ್ನಡವೇ ಒಳ್ಳೆಯ ಕೈಮರ. ಕನ್ನಡದಲ್ಲಿ 'ಅವನಿಗೆ' ಬರುವ ಕಡೆ, ಅಂದರೆ ವಯಸ್ಸು, ಹಸಿವು, ಬಾಯಾರಿಕೆ, ಕೂದಲು, ಕಣ್ಣುಗಳ ವಿಷಯದಲ್ಲಿ, ಫ್ರೆಂಚಿನಲ್ಲಿ 'ಇಲ್ ಆ' ಬರುತ್ತದೆಂದು ಹಿಡಿದರೆ ಬಹುಮಟ್ಟಿಗೆ ಸರಿಯಾಗುತ್ತದೆ. 'ನನಗೆ ಹಸಿವು' ಎಂಬುದಕ್ಕೆ 'ಝೇ ಫ್ಯಾಂ' ಎನ್ನುತ್ತಾರೆ.

'ಇಲ್ ಸೋಂ' ಎಂಬುದಕ್ಕೂ 'ಇಲ್ ಜ಼ೋಂ' ಎಂಬುದಕ್ಕೂ ಒಂದು ನಾದದ ಅಂತರ ಮಾತ್ರವಿದೆ. ಮೊದಲನೆಯದು 'ಅವರು ಇದ್ದಾರೆ', ಎರಡನೆಯದು 'ಅವರು ಹೊಂದಿದ್ದಾರೆ'. ಈ ಸ್, ಜ಼್ ಭೇದವನ್ನು ಅಲಕ್ಷಿಸಿದರೆ ಅರ್ಥವೇ ಕೆಡುತ್ತದೆ.

'ತ್ಯು' ಮತ್ತು 'ವೂ'ಗಳ ಭೇದವು ನೀನು, ನೀವುಗಳ ಭೇದದಂತೆಯೇ ಇದೆ. ಹಿರಿಯರನ್ನೂ ಅಪರಿಚಿತರನ್ನೂ 'ವೂ' ಎಂದೇ ಸಂಬೋಧಿಸಬೇಕು. ಆದರೆ ಗೌರವವು ಅಲ್ಲಿಗೆ ಮುಗಿಯುತ್ತದೆ. ತಾತನ ವಿಷಯದಲ್ಲಿ ನಾವು 'ಅವರು ದೊಡ್ಡವರು' ಎಂದು ಬಹುವಚನ ಬಳಸುತ್ತೇವೆ. ಫ್ರೆಂಚಿನಲ್ಲಿ ತಾತನೂ 'ಇಲ್ ಎ ಗ್ರಾಂ' ಎಂಬ ಏಕವಚನದಲ್ಲೇ ಇರುತ್ತಾನೆ. ಇದು ಅಗೌರವವಲ್ಲ, ಭಾಷೆಯ ಮರ್ಯಾದೆ ಅಷ್ಟೇ.

ಬಹುವಚನದಲ್ಲಿ ಇನ್ನೊಂದು ಹೊಸ ಸಂಗತಿಯಿದೆ. ನಮ್ಮ 'ಅವರು' ಎಂಬುದು ಗಂಡಸರಿಗೂ ಹೆಂಗಸರಿಗೂ ಸಮಾನ. ಫ್ರೆಂಚಿನಲ್ಲಿ ಹೆಂಗಸರೇ ಇದ್ದರೆ 'ಎಲ್ ಸೋಂ ಫೋರ್ತ್', ಗಂಡಸರಿದ್ದರೆ 'ಇಲ್ ಸೋಂ ಫೋರ್'. ಹತ್ತು ಹೆಂಗಸರ ನಡುವೆ ಒಬ್ಬ ಗಂಡಸು ಇದ್ದರೂ ವ್ಯಾಕರಣವು ಪುಲ್ಲಿಂಗವನ್ನೇ ವಿಧಿಸುತ್ತದೆ. ಬಹುವಚನಕ್ಕೆ ಬರಹದಲ್ಲಿ ಸಾಮಾನ್ಯವಾಗಿ 'ಎಸ್' ಎಂಬ ಅಕ್ಷರ ಸೇರುತ್ತದೆ, ಅದಕ್ಕೆ ಉಚ್ಚಾರಣೆಯಿಲ್ಲ.

ಕೊಬ್ಬರಿಯ ಊರಿನ ಜನ

ಈಗ ತತ್ತ್ವವನ್ನು ಪ್ರಯೋಗಿಸಿ ನೋಡೋಣ. ತಿಪಟೂರಿನ ಸೀಮೆಯಲ್ಲಿ ಬಲಿತ ಕಾಯಿಗಳನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇರಿಸುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ ಕರಟದಿಂದ ಬಿಡಿಸಿಕೊಂಡು, ಅಲುಗಿಸಿದಾಗ ಗುಡುಗುಡು ಸದ್ದು ಮಾಡಿದ ಮೇಲೆ ಸುಲಿದು, ಕರಟ ಒಡೆದು ಉಂಡೆ ಕೊಬ್ಬರಿ ತೆಗೆಯುತ್ತಾರೆ. ಈ ಕೆಲಸದಲ್ಲಿ ತೊಡಗಿದ ಕೆಲವರನ್ನು, ಹೆಸರಿಲ್ಲದೆ, ಫ್ರೆಂಚಿನಲ್ಲಿ ಬಣ್ಣಿಸೋಣ.

ಮರ ಹತ್ತುವ ತರುಣ: ಇಲ್ ಎ ಝೆನ್. ಇಲ್ ಎ ಗ್ರಾಂ ಏ ಮ್ಯಾಂಸ್. ಇಲ್ ಆ ವ್ಯಾಂತಾಂ. ಇಲ್ ಗ್ರ್ಯಾಂಪ್ ಓ ಕೊಕೋತಿಯೇ. (ಅವನು ತರುಣ. ಅವನು ಎತ್ತರದವನು ಮತ್ತು ತೆಳ್ಳಗಿನವನು. ಅವನಿಗೆ ಇಪ್ಪತ್ತು ವರ್ಷ. ಅವನು ತೆಂಗಿನ ಮರ ಹತ್ತುತ್ತಾನೆ.) 'ಏ' ಎಂದರೆ 'ಮತ್ತು'.

ಕಾಯಿ ಸುಲಿಯುವ ಅಜ್ಜಿ: ಎಲ್ ಎ ವಿಯೇಯ್. ಎಲ್ ಎ ಪೆತಿತ್, ಮೇ ಎಲ್ ಎ ಫೋರ್ತ್. ಎಲ್ ಆ ಲೇ ಶೆವೆ ಬ್ಲಾಂ. ಎಲ್ ಪಾರ್ಲ್ ಕನ್ನಡಾ. (ಅವಳು ಮುದುಕಿ. ಅವಳು ಚಿಕ್ಕವಳು, ಆದರೆ ಬಲಿಷ್ಠೆ. ಅವಳಿಗೆ ಬಿಳಿಯ ಕೂದಲು. ಅವಳು ಕನ್ನಡ ಮಾತನಾಡುತ್ತಾಳೆ.)

ವರ್ತಕ: ಸೆತಂ ಮಾರ್ಶಾಂ. ಇಲ್ ಎ ಗ್ರೋ. ಇಲ್ ಪೋರ್ತ್ ದೇ ಲ್ಯುನೆತ್. ಇಲ್ ಎ ಕೋಂತಾಂ. (ಇವನೊಬ್ಬ ವರ್ತಕ. ಅವನು ದಪ್ಪನೆಯವನು. ಅವನು ಕನ್ನಡಕ ಧರಿಸುತ್ತಾನೆ. ಅವನು ಸಂತುಷ್ಟ.) ಇಲ್ಲಿ ನಾಮಪದದ ಹಿಂದೆ 'ಅಂ' (ಒಬ್ಬ) ಬಂದಾಗ 'ಇಲ್ ಎ' ಬದಲು 'ಸೆತ್' ಬಂದುದನ್ನು ಗಮನಿಸಬೇಕು. ವರ್ತಕನ ಎದುರಿನಲ್ಲಿ 'ಗ್ರೋ' ಎನ್ನುವುದು ನಮ್ಮಲ್ಲಿರುವಂತೆ ಅಲ್ಲಿಯೂ ಸಭ್ಯತೆಯಲ್ಲ.

ಲೆಕ್ಕ ಬರೆಯಲು ನೆರವಾಗುವ ವಿದ್ಯಾರ್ಥಿನಿ: ಎಲ್ ಆ ಸೇಜ಼ಾಂ. ಎಲ್ ಎ ಆ್ಯಂತೆಲಿಝಾಂತ್, ಮೇ ಎಲ್ ಎ ತಿಮಿದ್. ಎಲ್ ಆ ಲೇ ಶೆವೆ ಲೋಂ. (ಅವಳಿಗೆ ಹದಿನಾರು ವರ್ಷ. ಅವಳು ಬುದ್ಧಿವಂತೆ, ಆದರೆ ಸಂಕೋಚದವಳು. ಅವಳಿಗೆ ಉದ್ದನೆಯ ಕೂದಲು.)

ಈ ಕೊನೆಯ ವಾಕ್ಯದಲ್ಲಿ ಒಂದು ಪರೀಕ್ಷೆಯಿದೆ. 'ಉದ್ದ' ಎಂಬುದರ ಸ್ತ್ರೀಲಿಂಗ 'ಲೋಂಗ್', ಪುಲ್ಲಿಂಗ 'ಲೋಂ'. ಬಣ್ಣಿಸುತ್ತಿರುವುದು ಹುಡುಗಿಯನ್ನಲ್ಲವೇ, 'ಲೋಂಗ್' ಏಕೆ ಬರಲಿಲ್ಲ? ಏಕೆಂದರೆ ಇಲ್ಲಿ ವಿಶೇಷ್ಯವು ಹುಡುಗಿಯಲ್ಲ, ಕೂದಲು. ಫ್ರೆಂಚಿನಲ್ಲಿ ಕೂದಲು ಪುಲ್ಲಿಂಗ. ವಿಶೇಷಣವು ತನ್ನ ವಿಶೇಷ್ಯಕ್ಕೆ ಮಾತ್ರ ಅಧೀನ. 'ಇಲ್ಲಿ ವಿಶೇಷ್ಯ ಯಾವುದು?' ಎಂಬ ಪ್ರಶ್ನೆಯನ್ನು ಪ್ರತಿ ವಾಕ್ಯದಲ್ಲೂ ಕೇಳಿಕೊಂಡರೆ ತಪ್ಪುಗಳು ತಾವಾಗಿಯೇ ಕಡಿಮೆಯಾಗುತ್ತವೆ.

ಮೇಲಿನ ವಾಕ್ಯಗಳಲ್ಲಿ ಇನ್ನೊಂದು ಸಂಗತಿ ಅಡಗಿದೆ. ಕನ್ನಡದ ಕ್ರಿಯಾಪದವು ಹತ್ತುತ್ತಾನೆ, ಹತ್ತುತ್ತಾಳೆ ಎಂದು ಲಿಂಗವನ್ನು ಸಾರುತ್ತದೆ. ಆದುದರಿಂದ 'ಅವನು' ಎಂಬ ಕರ್ತೃಪದವನ್ನು ಬಿಟ್ಟರೂ ಅರ್ಥವಾಗುತ್ತದೆ. ಫ್ರೆಂಚಿನ 'ಗ್ರ್ಯಾಂಪ್' ಎಂಬುದು ನಾನು, ನೀನು, ಅವನು, ಅವಳು, ಅವರು ಎಲ್ಲರಿಗೂ ಕಿವಿಗೆ ಒಂದೇ ಆಗಿ ಕೇಳುತ್ತದೆ. ಆದುದರಿಂದ ಅಲ್ಲಿ ಕರ್ತೃಪದವನ್ನು ಎಂದೂ ಬಿಡಲಾಗದು. ನಾವು ಕ್ರಿಯಾಪದದ ಕೊನೆಗೂ ಹೊರಿಸುವ ಲಿಂಗದ ಹೊಣೆಯನ್ನು ಫ್ರೆಂಚರು ಸರ್ವನಾಮದ ಮೇಲೂ ವಿಶೇಷಣದ ಮೇಲೂ ಹೊರಿಸಿದ್ದಾರೆ.

ಮರಕ್ಕೂ ಲಿಂಗ

ಕನ್ನಡ ವೈಯಾಕರಣರು ಲಿಂಗವನ್ನು ಅರ್ಥದಿಂದ ನಿರ್ಣಯಿಸಿದರು: ಗಂಡಸರು ಪುಲ್ಲಿಂಗ, ಹೆಂಗಸರು ಸ್ತ್ರೀಲಿಂಗ, ಉಳಿದುದು ನಪುಂಸಕ. 13ನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಈ ವಿವೇಕವಿದೆ. ಫ್ರೆಂಚಿನಲ್ಲಿ ನಪುಂಸಕಲಿಂಗವೇ ಇಲ್ಲ. ತೆಂಗಿನ ಮರ ಪುಲ್ಲಿಂಗ (ಲೆ ಕೊಕೋತಿಯೇ), ತೆಂಗಿನಕಾಯಿ ಸ್ತ್ರೀಲಿಂಗ (ಲಾ ನ್ವಾ ದೆ ಕೋಕೋ), ಕೊಬ್ಬರಿ ಪುನಃ ಪುಲ್ಲಿಂಗ (ಲೆ ಕೊಪ್ರಾ). ಸಂಸ್ಕೃತದಲ್ಲಿ ಹೆಂಡತಿ ಎಂಬರ್ಥದ 'ದಾರ' ಶಬ್ದ ಪುಲ್ಲಿಂಗವೂ 'ಕಲತ್ರ' ಶಬ್ದ ನಪುಂಸಕವೂ ಆಗಿರುವುದನ್ನು ಕಂಡವರಿಗೆ ಇದರಿಂದ ಆಶ್ಚರ್ಯವಾಗದು. 'ವ್ಯಕ್ತಿ' ಎಂಬರ್ಥದ 'ಪೆರ್ಸೊನ್' ಎಂಬ ಮಾತು, ಆ ವ್ಯಕ್ತಿ ಗಂಡಸಾಗಿದ್ದರೂ ಸ್ತ್ರೀಲಿಂಗವೇ. ಸಂಸ್ಕೃತದ 'ವ್ಯಕ್ತಿ' ಶಬ್ದವೂ ಸ್ತ್ರೀಲಿಂಗವೆಂಬುದು ಸ್ವಾರಸ್ಯ.

ಮನುಷ್ಯರಿಗೆ ಹೇಳುವ ವಿಶೇಷಣಗಳು ಹೀಗೆ ಮರಗಳಿಗೂ ಸಲ್ಲುತ್ತವೆ. ತೆಂಗಿನ ತಳಿಗಳನ್ನು ಎತ್ತರದವು, ಗಿಡ್ಡವು ಎಂದು ವಿಂಗಡಿಸುವಾಗ ಫ್ರೆಂಚ್ ಕೃಷಿವಿಜ್ಞಾನಿಗಳು 'ಗ್ರಾಂ' ಮತ್ತು 'ನ್ಯಾಂ' (ಕುಳ್ಳ) ಎಂಬ ಪದಗಳನ್ನು ಬಳಸುತ್ತಾರೆ. ನಮ್ಮ 'ತಿಪಟೂರು ಟಾಲ್' ತಳಿಯನ್ನು ಆ ಕ್ರಮದಲ್ಲಿ ಹೆಸರಿಸಬೇಕಾದರೆ 'ಗ್ರಾಂ' ಎನ್ನಬೇಕು, 'ಗ್ರಾಂದ್' ಎನ್ನಬಾರದು, ಮರವು ಪುಲ್ಲಿಂಗವಷ್ಟೆ.

ಸ್ಥಾನದಿಂದ ಅರ್ಥಭೇದ

ಫ್ರೆಂಚ್ ವಿಶೇಷಣವು ಸಾಮಾನ್ಯವಾಗಿ ನಾಮಪದದ ಮುಂದೆ, ಅಂದರೆ ಅದು ಮುಗಿದ ಬಳಿಕ ಬರುತ್ತದೆ: 'ಯೂನ್ ಫೀಯ್ ಆ್ಯಂತೆಲಿಝಾಂತ್' (ಬುದ್ಧಿವಂತ ಹುಡುಗಿ). ಚಿಕ್ಕ, ದೊಡ್ಡ, ಒಳ್ಳೆಯ, ಸುಂದರ, ಎಳೆಯ, ಮುದಿ ಎಂಬಂಥ ಬಳಕೆಯ ಕೆಲವು ವಿಶೇಷಣಗಳು ಮಾತ್ರ ನಮ್ಮಲ್ಲಿರುವಂತೆ ನಾಮಪದಕ್ಕೆ ಮೊದಲೇ ಬರುತ್ತವೆ. ಸ್ಥಾನ ಬದಲಾದರೆ ಅರ್ಥವೂ ಬದಲಾಗುವುದುಂಟು. 'ಅಂ ಗ್ರಾಂತೋಮ್' ಎಂದರೆ ಮಹಾಪುರುಷ. 'ಅನೋಮ್ ಗ್ರಾಂ' ಎಂದರೆ ಎತ್ತರದ ಆಳು. ಕನ್ನಡದ 'ದೊಡ್ಡ ಮನುಷ್ಯ' ಎಂಬ ಮಾತಿನಲ್ಲಿ ಈ ಎರಡು ಅರ್ಥಗಳೂ ಒಟ್ಟಿಗೆ ಕುಳಿತಿವೆ. ಫ್ರೆಂಚರು ಅವನ್ನು ಸ್ಥಾನದಿಂದ ಬೇರ್ಪಡಿಸಿದ್ದಾರೆ.

ಅಭ್ಯಾಸ

ಈ ವಾಕ್ಯಗಳನ್ನು ಫ್ರೆಂಚಿನಲ್ಲಿ ಹೇಳಿರಿ: 1. ಅವಳು ಎತ್ತರದವಳು. 2. ನನಗೆ ಹದಿನಾರು ವರ್ಷ. 3. ಅವನಿಗೆ ಉದ್ದನೆಯ ಕೂದಲು. 4. ಮೂವರು ಹೆಂಗಸರು ಮತ್ತು ಒಬ್ಬ ಗಂಡಸು: ಅವರು ಸಂತುಷ್ಟರು. 5. ತೆಂಗಿನಕಾಯಿ ದಪ್ಪನೆಯದು.

ಉತ್ತರಗಳು: 1. ಎಲ್ ಎ ಗ್ರಾಂದ್. 2. ಝೇ ಸೇಜ಼ಾಂ. 3. ಇಲ್ ಆ ಲೇ ಶೆವೆ ಲೋಂ. 4. ಇಲ್ ಸೋಂ ಕೋಂತಾಂ. 5. ಲಾ ನ್ವಾ ದೆ ಕೋಕೋ ಎ ಗ್ರೋಸ್.

ವರ್ಣಿಸುವವರು ಯಾರು?

ಕನ್ನಡ ನಾಡಿಗೂ ಫ್ರೆಂಚ್ ಭಾಷೆಗೂ ಇರುವ ಸಂಬಂಧ ಹೊಸದಲ್ಲ. ಹೈದರನ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ತಂಗಿದ್ದ ಕಾರಣ ಇಂದಿನ ಪಾಂಡವಪುರಕ್ಕೆ 'ಫ್ರೆಂಚ್ ರಾಕ್ಸ್' ಎಂಬ ಹೆಸರು ಬಂದಿತ್ತು. 1788ರಲ್ಲಿ ಟಿಪ್ಪುವಿನ ರಾಯಭಾರಿಗಳು ವರ್ಸಾಯಿ ಅರಮನೆಗೆ ಹೋಗಿ 16ನೆಯ ಲೂಯಿ ದೊರೆಯನ್ನು ಕಂಡರು. ಮೈಸೂರು ಸೀಮೆಯಲ್ಲಿ ಬಹುಕಾಲ ನೆಲಸಿದ್ದ ಪಾದ್ರಿ ದ್ಯುಬ್ವಾ 1823ರಲ್ಲಿ ಸ್ವದೇಶಕ್ಕೆ ಮರಳಿದನು. ಭಾರತದ ಜನರ ನಡೆನುಡಿಗಳನ್ನು ಬಣ್ಣಿಸಿದ ಅವನ ಗ್ರಂಥದ ಫ್ರೆಂಚ್ ಆವೃತ್ತಿ 1825ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚಾಯಿತು. ಆ ಗ್ರಂಥದಲ್ಲಿ ನಮ್ಮ ಜನ ವಿಶೇಷ್ಯಗಳು. ವಿಶೇಷಣಗಳನ್ನು ಆಯ್ದವನು ಪರದೇಶದವನು. ಅವನು ಆಯ್ದ ವಿಶೇಷಣಗಳಲ್ಲಿ ಮೆಚ್ಚುಗೆಯೂ ಇದೆ, ಕಟುವಾದ ತೀರ್ಪೂ ಇದೆ. ಅವನ್ನು ಮೂಲದಲ್ಲೇ ಓದಿ ತೂಗಿ ನೋಡಲು, ಬೇಕಾದರೆ ಉತ್ತರಿಸಲು, ಆ ಭಾಷೆಯನ್ನು ಬಲ್ಲವರು ನಮ್ಮಲ್ಲಿ ಬೇಕು.

ಅಂಥವರು ಈ ತೆಂಗಿನ ಸೀಮೆಯಿಂದಲೇ ಬರಬಾರದೇಕೆ? ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದು, ಗ್ರೀಕ್ ರುದ್ರನಾಟಕಗಳ ಪರಿಚಯವನ್ನೂ ಕನ್ನಡಿಗರಿಗೆ ಮಾಡಿಕೊಟ್ಟ ಬಿ. ಎಂ. ಶ್ರೀಕಂಠಯ್ಯನವರು 1884ರಲ್ಲಿ ಹುಟ್ಟಿದುದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. 'ಕನ್ನಡ ಮಧ್ಯಮ ವ್ಯಾಕರಣ'ವನ್ನು ಬರೆದ ತೀ. ನಂ. ಶ್ರೀಕಂಠಯ್ಯನವರು 1906ರಲ್ಲಿ ಹುಟ್ಟಿದುದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ. ಪರಭಾಷೆಯ ಪ್ರೀತಿಯೂ ಸ್ವಭಾಷೆಯ ವ್ಯಾಕರಣಜ್ಞಾನವೂ ಕೆಲವು ಹರದಾರಿಗಳ ಅಂತರದಲ್ಲೇ ಹುಟ್ಟಿ ಬೆಳೆದ ನೆಲ ಇದು. ಒಂದು ಇನ್ನೊಂದಕ್ಕೆ ಎಷ್ಟು ನೆರವಾಗಬಲ್ಲುದೆಂಬುದನ್ನು ಮೇಲಿನ ಪಾಠದಲ್ಲಿ ಕಂಡಿದ್ದೇವೆ. ವಿದ್ಯಾರ್ಥಿಗಳು ಇಂದೇ ತಮ್ಮ ಮನೆಯ ಐದು ಜನರನ್ನು ಆರಿಸಿಕೊಂಡು, ಒಬ್ಬೊಬ್ಬರಿಗೆ ಮೂರು ವಾಕ್ಯಗಳಂತೆ ಬರೆಯಲು ಆರಂಭಿಸಲಿ. ಮೊದಲು 'ದೊಡ್ಡವನೋ, ದೊಡ್ಡವಳೋ' ಎಂದು ಕನ್ನಡದಲ್ಲಿ ಕೇಳಿಕೊಳ್ಳಲಿ. ಫ್ರೆಂಚ್ ರೂಪವು ಅದರ ಬೆನ್ನಿಗೇ ಬರುತ್ತದೆ.